ಪಿಸ್ತೂಲಿಗೆ ಸೇಫ್ಟಿ ಕೀಲು ಬೇಕೆ?

ಆತ್ಮರಕ್ಷಣೆಗಾಗಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವುದು ಅಪರೂಪವಲ್ಲದ ಅಮೆರಿಕ ದೇಶದಲ್ಲಿ, ಅಂಥ ಪಿಸ್ತೂಲಿಗೆ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಕೀಲು ಇರಬೇಕೆ, ಬೇಡವೆ ಎಂಬ ವಿವಾದವು ಬಹುಕಾಲದಿಂದ ನಡೆದುಬಂದಿದೆ. ಬೇಡವೆನ್ನುವವರ ವಾದವು ಮೇಲುನೋಟಕ್ಕೆ ಪ್ರಬಲವಾದುದೇ ಸರಿ: ಪ್ರಾಣಸಂಕಟದ ಗಳಿಗೆಯಲ್ಲಿ ಎದೆ ಡವಗುಟ್ಟಿ, ಬೆರಳು ಮರಗಟ್ಟಿ, ಬುದ್ಧಿಗೆ ಮಂಕು ಕವಿದಿರುವಾಗ, ಕೀಲನ್ನು ಒತ್ತಲು ಮರೆತವನ ಕೈಯಲ್ಲಿ ಆಯುಧವು ಬರಿಯ ಕಬ್ಬಿಣದ ತುಂಡಾಗುವುದೆಂದು ಅವರು ಆಕ್ಷೇಪಿಸುತ್ತಾರೆ. ಸಾಮಾನ್ಯವಾಗಿ ಅಂಥ ಕೀಲಿಲ್ಲದ ರಿವಾಲ್ವರನ್ನೇ ಪೊಲೀಸರು ತಲೆಮಾರುಗಳ ಕಾಲ ಧರಿಸಲಿಲ್ಲವೆ ಎಂದೂ ಕೇಳುತ್ತಾರೆ. ಧರಿಸಿದರು, ನಿಜ, ಆದರೆ ಸುತ್ತಿಗೆಯನ್ನು ಮೊದಲೇ ಎತ್ತಿಡದಿದ್ದಾಗ ರಿವಾಲ್ವರಿನ ಟ್ರಿಗರು ದೂರ ಸರಿಯಬೇಕಾದದ್ದು, ಅದನ್ನೆಳೆಯಲು ಸುಮಾರು 5 ಕಿಲೋಗ್ರಾಮಿನಷ್ಟು ಬಲ ಬೇಕಾಗುವುದುಂಟು, ಆ ಬಿಗುವೇ ಅಲ್ಲಿ ಕೀಲಿನ ಕೆಲಸವನ್ನು ಮಾಡುತ್ತಿದ್ದಿತು. 1982ರಲ್ಲಿ ಆಸ್ಟ್ರಿಯದ ಸೈನ್ಯವು ಸ್ವೀಕರಿಸಿದ ಗ್ಲಾಕ್ ಪಿಸ್ತೂಲಾದರೋ ಹೊರಗಿನ ಕೀಲನ್ನು ತ್ಯಜಿಸಿ, ಮೂರು ರಕ್ಷಣೆಗಳನ್ನು ಯಂತ್ರದಲ್ಲಿಯೇ ಅಳವಡಿಸಿಕೊಂಡಿತು. ಅದರ ಟ್ರಿಗರಿಗೆ ಸಾಕಾದ ಬಲ ಸುಮಾರು 2.5 ಕಿಲೋಗ್ರಾಮು. ಪಿಸ್ತೂಲು ನೆಲಕ್ಕೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ಶಕ್ತಿ ಈ ರಕ್ಷಣೆಗಳಿಗುಂಟು. ಟ್ರಿಗರನ್ನು ಹಿಂದೆಳೆದದ್ದು ಒಡೆಯನ ಸಂಕಲ್ಪವೋ, ಒರೆಯೊಳಗೆ ಸಿಕ್ಕಿಕೊಂಡ ಅಂಗಿಯ ಅಂಚೋ ಎಂಬ ವಿವೇಚನೆ ಮಾತ್ರ ಇಲ್ಲ.

ಈ ಕೀಲಿನ ಪೂರ್ವವೃತ್ತಾಂತವನ್ನು ವಾದಿಗಳು ಅಷ್ಟಾಗಿ ನೆನೆಯರು. ಜಾನ್ ಬ್ರೌನಿಂಗನು ನಿರ್ಮಿಸಿ, ಅಮೆರಿಕದ ಸೈನ್ಯವು 1911ರಲ್ಲಿ ಅಂಗೀಕರಿಸಿದ ಪಿಸ್ತೂಲಿನ ಹಿಂದಿನ ವರ್ಷದ ಮಾದರಿಯಲ್ಲಿ ಮೊದಲು ಇದ್ದುದು ಹಿಡಿಯ ಹಿಂಬದಿಯ ರಕ್ಷಣೆಯೊಂದೇ. ಹೆಬ್ಬೆರಳಿನ ಕೀಲು ಕೂಡಿಕೊಂಡದ್ದು ಅಶ್ವದಳದವರ ಅಪೇಕ್ಷೆಯಿಂದ. ಒಂದು ಕೈಯಲ್ಲಿ ಲಗಾಮು, ಮತ್ತೊಂದರಲ್ಲಿ ಸುತ್ತಿಗೆಯೆತ್ತಿದ ಪಿಸ್ತೂಲು, ಅಡಿಯಲ್ಲಿ ಬೆದರಿ ನೆಗೆಯುವ ಕುದುರೆ. ಇಂಥ ಸವಾರನು ಆಯುಧವನ್ನು ನಿರಪಾಯವಾಗಿ ಮರಳಿ ಒರೆಗೆ ಸೇರಿಸುವುದೆಂತು? ಕೀಲು ಹುಟ್ಟಿದ್ದು ಪಿಸ್ತೂಲನ್ನು ಸೆಳೆಯುವ ಕ್ಷಣಕ್ಕಾಗಿ ಅಲ್ಲ, ಒಳಗಿಡುವ ಕ್ಷಣಕ್ಕಾಗಿ. ಕಾಳಗದ ಗಳಿಗೆಯು ಬಹುಮಂದಿ ಧಾರಕರಿಗೆ ಜೀವಮಾನದಲ್ಲಿ ಒಮ್ಮೆಯೂ ಬಾರದೆ ಹೋಗಬಹುದು. ಬೆಳಗ್ಗೆ ಸಿಕ್ಕಿಸಿಕೊಳ್ಳುವುದೂ ರಾತ್ರಿ ತೆಗೆದಿಡುವುದೂ ನಿತ್ಯವಿಧಿ. ಬಾರದಿರಬಹುದಾದ ಅರೆಗಳಿಗೆಯನ್ನು ಉಳಿಸಲು ನಿತ್ಯದ ಅಪಾಯವನ್ನು ಬರಮಾಡಿಕೊಳ್ಳುವುದು ನನಗೆ ಲಾಭದ ವ್ಯಾಪಾರವಾಗಿ ತೋರದು. ಟ್ರಿಗರು ಹಗುರವಾದಲ್ಲಿ ಕೀಲಿರುವುದೇ ಲೇಸು.

ಎಲ್ಲ ಕೀಲೂ ಒಂದೇ ತೆರನಲ್ಲವೆಂಬುದನ್ನು ಒಪ್ಪಬೇಕು. ಬ್ರೌನಿಂಗನ ಕೀಲು ಹೆಬ್ಬೆರಳು ತಾನಾಗಿಯೇ ಕೆಳಗಿಳಿಯುವ ದಿಕ್ಕಿಗೆ ಸರಿಯುತ್ತದೆ. ಅದೇ ಅಮೆರಿಕದ ಸೈನ್ಯವು 1985ರಲ್ಲಿ ಆಯ್ದ ಬೆರೆಟ್ಟಾ ಪಿಸ್ತೂಲಿನಲ್ಲಿ ಗುಂಡು ಹಾರಿಸುವುದಕ್ಕೆ ಕೀಲನ್ನು ಮೇಲಕ್ಕೆ ತಳ್ಳಬೇಕು. ಇವೆರಡನ್ನೂ ಸರದಿಯ ಮೇಲೆ ಧರಿಸುವವನ ಹೆಬ್ಬೆರಳಿಗೆ ಗೊಂದಲವಾದರೆ ಆಶ್ಚರ್ಯವೇನು! ಆದರೆ ಮರೆವಿನ ಆಕ್ಷೇಪವು ವಾಸ್ತವವಾಗಿ ಕೀಲಿನ ಮೇಲಣದಲ್ಲ, ಅಭ್ಯಾಸವಿಲ್ಲದಿರುವಿಕೆಯ ಮೇಲಣದು: ಹೆಬ್ಬೆರಳನ್ನು ಪಳಗಿಸುವಷ್ಟು ವ್ಯವಧಾನವಿಲ್ಲದವನು, ಗಾಬರಿಯ ನಡುವೆ ತೋರುಬೆರಳನ್ನು ಟ್ರಿಗರಿನಿಂದ ದೂರವಿರಿಸುವುದಕ್ಕೆ ಮಾತ್ರ ಪಳಗಿಸಿರುವನೆಂದು ನಂಬುವುದು ಹೇಗೆ?