ಲೆಕ್ಕ ಕೊಡದ ಕನ್ನಡಾಭಿಮಾನ ಯಾರಿಗೆ ಬೇಕು?

ಕನ್ನಡದ ತರುಣ ಗೆಳೆಯರೇ,

ನಾನು ಸಾಹಿತಿಯಲ್ಲ, ಲಾಯರೂ ಅಲ್ಲ. ಓದಿದ್ದು ಪಿಯುಸಿ. ಸುಲ್ತಾನ್‌ಪೇಟೆಯ ಗಲ್ಲಿಯೊಂದರಲ್ಲಿ ಅಪ್ಪ ಬಿಟ್ಟುಹೋದ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಅಪ್ಪ ಮೊಳೆ ಜೋಡಿಸಿ ಟ್ರೆಡಲ್‌ನಲ್ಲಿ ಹೊಡೆಯುತ್ತಿದ್ದರು, ನನ್ನ ಕಾಲಕ್ಕೆ ಆಫ್‌ಸೆಟ್ ಬಂತು. ಲಗ್ನಪತ್ರಿಕೆ, ಬಿಲ್ ಬುಕ್ ವರ್ಷವಿಡೀ ಇದ್ದದ್ದೇ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಕರಪತ್ರ, ಅದರ ಹಿಂದೆಯೇ ಚಂದಾ ರಸೀದಿ ಪುಸ್ತಕ.

ಎಷ್ಟು ಕನ್ನಡ ಸಂಘಗಳ ರಸೀದಿ ಪುಸ್ತಕ ಹೊಡೆದಿದ್ದೇನೋ ನನಗೇ ನೆನಪಿಲ್ಲ. ಮೇಲೆ ತಾಯಿ ಭುವನೇಶ್ವರಿ, ಪಕ್ಕದಲ್ಲಿ ಬಾವುಟ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: "ದೇಣಿಗೆಗೆ ಆದಾಯ ತೆರಿಗೆ ಕಾಯ್ದೆ 80ಜಿ ಪ್ರಕಾರ ವಿನಾಯಿತಿ ಉಂಟು." ಹಾಕಿ ಎಂದವರಿಗೆಲ್ಲ ಆ ಸಾಲು ಹಾಕಿಕೊಟ್ಟೆ. ಮಂಜೂರಾತಿ ಪತ್ರ ತೋರಿಸಿ ಎಂದು ಒಬ್ಬರನ್ನೂ ಕೇಳಲಿಲ್ಲ. ಗಿರಾಕಿ ಕೊಟ್ಟ ಮ್ಯಾಟರ್ ಹೊಡೆಯುವುದು ನಮ್ಮ ಕಸುಬು ಎಂದುಕೊಂಡಿದ್ದೆ. ಕೊನೆಗೆ ಅದೇ ಸಾಲು ನನ್ನ ಕೊರಳಿಗೇ ಸುತ್ತಿಕೊಂಡಿತು!

ನಡೆದದ್ದು ಇಷ್ಟು. 2022ರ ನವೆಂಬರಿನಲ್ಲಿ ನಮ್ಮ ಕಡೆಯ ಒಂದು ಸಂಘಕ್ಕೆ 25,000 ರೂಪಾಯಿ ಕೊಟ್ಟೆ, ನಗದು. ಕನ್ನಡ ಮಾಧ್ಯಮದ ಬಡ ಮಕ್ಕಳಿಗೆ ನೋಟ್‌ಬುಕ್, ಜೊತೆಗೆ ಸಂಘದ ವಾಚನಾಲಯ. ಮನಸ್ಸಿಟ್ಟು ಕೊಟ್ಟ ದುಡ್ಡು. ಅದರ ಮೇಲೆ 18,000 ರೂಪಾಯಿಯ ಪ್ರಿಂಟಿಂಗ್ ಕೆಲಸವನ್ನೂ ಬಿಟ್ಟಿ ಮಾಡಿಕೊಟ್ಟೆ. ಒಟ್ಟು 43,000ಕ್ಕೆ ರಸೀದಿ ಬಂತು. ನಾನೇ ಹೊಡೆದ ಪುಸ್ತಕದಲ್ಲಿ, ನಾನೇ ಹಾಕಿದ ನಂಬರಿನ ರಸೀದಿ.

ಸಂಘಕ್ಕೆ 80ಜಿ ಮಂಜೂರಾತಿ ಇದ್ದರೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧ ನಮ್ಮ ತೆರಿಗೆಯ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಒಂದು ಮಿತಿಯುಂಟು. ನನ್ನ ಲೆಕ್ಕಕ್ಕೆ 21,500. ರಿಟರ್ನ್ ತುಂಬುವವರು "ರಸೀದಿ ಇದೆಯಾ?" ಎಂದರು, "ಇದೆ" ಎಂದೆ. ನಗದೋ ಚೆಕ್ಕೋ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ತೆರಿಗೆ ಇಲಾಖೆಯಿಂದ ಪ್ರೆಸ್ಸಿನ ಈಮೇಲಿಗೆ ಪತ್ರ ಬಂತು. ಗಿರಾಕಿಗಳು ಕಳಿಸಿದ ಪಿಡಿಎಫ್‌ಗಳ ರಾಶಿಯಲ್ಲಿ ಬಿದ್ದಿತ್ತು. ಹನ್ನೊಂದನೇ ದಿನ ನಮ್ಮ ಡಿಟಿಪಿ ಹುಡುಗ ನೋಡಿ, "ಸಾರ್, ಇದೇನೋ ಟ್ಯಾಕ್ಸ್‌ದು" ಎಂದ. ದೇಣಿಗೆಯ ಕಡಿತ ಒಪ್ಪಲಾಗದು, 30 ದಿನದೊಳಗೆ ಉತ್ತರ ಕೊಡಿ ಎಂಬುದು ಅದರ ಸಾರ. ಪೂರ್ತಿ ಇಂಗ್ಲಿಷು!

ಸಂಘದ ಕಾರ್ಯದರ್ಶಿ ಹತ್ತಿರ ಓಡಿದೆ. ಅವರು ನಕ್ಕುಬಿಟ್ಟರು. "ಅಯ್ಯೋ ಅಣ್ಣಾ, ಇದಕ್ಯಾಕೆ ತಲೆ ಕೆಡಿಸ್ಕೋತೀರಾ? ಎರಡು ಸಾವಿರದ ಮೇಲೆ ಕ್ಯಾಶ್ ನಡೆಯಲ್ಲ, ಅಷ್ಟೇ. ಪ್ರೆಸ್ ನಿಮ್ದು, ನಂಬರಿಂಗ್ ಮೆಷಿನ್ ನಿಮ್ದು. ಹಳೇ ತಾರೀಕಿಗೆ ಹದಿಮೂರು ಸಣ್ಣ ರಸೀದಿ ಹೊಡೀರಿ, ನಾನು ಸೈನ್ ಹಾಕ್ತೀನಿ. ಕನ್ನಡದ ಕೆಲಸಕ್ಕೆ ತಾನೇ ಕೊಟ್ಟಿದ್ದು?"

ಗೆಳೆಯರೇ, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಆಸೆ ಬಂತು. ಅರ್ಧ ಗಂಟೆಯ ಕೆಲಸ. ಸುಳ್ಳು ದಾಖಲೆ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ತಪ್ಪಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು ಎಂಬುದು ನನಗಾಗ ಗೊತ್ತಿರಲಿಲ್ಲ. ಕೈ ಹಿಡಿದದ್ದು ಬೇರೆ ವಿಷಯ. ಅಪ್ಪ ತನ್ನ ಪ್ರೆಸ್ಸಿನಲ್ಲಿ ಒಂದೇ ನಂಬರನ್ನು ಎರಡು ಸಲ ಹೊಡೆದವನಲ್ಲ. ಭುವನೇಶ್ವರಿಯ ಚಿತ್ರದ ಕೆಳಗೆ ಕಳ್ಳ ತಾರೀಕು ಹಾಕಿ, ಮಾರನೇ ದಿನ ಅದೇ ಚಿತ್ರಕ್ಕೆ ಹೂ ಮುಡಿಸುವುದು ನನ್ನಿಂದಾಗಲಿಲ್ಲ.

ಕಡಿತ ಬಿಟ್ಟುಕೊಟ್ಟೆ. ತೆರಿಗೆ, ಸೆಸ್ ಸೇರಿ 4,472 ರೂಪಾಯಿ ಕಟ್ಟಿದೆ. ಆಮೇಲೆ ವಿಷಯ ಕೆದಕಿದಾಗ ತಿಳಿಯಿತು, ಆ ಹದಿಮೂರು ರಸೀದಿಯಿಂದಲೂ ಏನೂ ಗಿಟ್ಟುತ್ತಿರಲಿಲ್ಲ! ನನ್ನ ದೇಣಿಗೆಯಲ್ಲಿ ಇದ್ದದ್ದು ಒಂದು ತೂತಲ್ಲ, ಮೂರು.

ಒಂದು, ನಗದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕಡಿತವಿಲ್ಲ. ಮೊದಲು ಈ ಮಿತಿ 10,000 ಇತ್ತು, 2017ರ ಬಜೆಟ್ಟಿನಲ್ಲಿ ಇಳಿಸಿದರು.

ಎರಡು, ಬಿಟ್ಟಿ ಪ್ರಿಂಟಿಂಗ್. ಹಣವಾಗಿ ಕೊಟ್ಟದ್ದು ಮಾತ್ರ ಲೆಕ್ಕಕ್ಕೆ. ಅಕ್ಕಿ, ಬಟ್ಟೆ, ಪುಸ್ತಕ, ದುಡಿಮೆ ಕೊಟ್ಟರೆ ಪುಣ್ಯ ಬರಬಹುದು, ಕಡಿತ ಬರುವುದಿಲ್ಲ.

ಮೂರನೆಯದೇ ದೊಡ್ಡದು. ಸಂಘದ ಮಂಜೂರಾತಿಯೇ ಸತ್ತುಹೋಗಿತ್ತು! 2021ರ ಏಪ್ರಿಲ್‌ನಿಂದ ಹಳೆಯ ಸಂಸ್ಥೆಗಳೆಲ್ಲ ಹೊಸದಾಗಿ ಅರ್ಜಿ ಹಾಕಬೇಕೆಂದು ನಿಯಮ ಬಂತು. ಇವರು ಹಾಕಿರಲಿಲ್ಲ. ಅರ್ಜಿ ಹಾಕಿದ ಸಂಸ್ಥೆಗಳೂ ಯಾರಿಂದ ಎಷ್ಟು ಬಂತೆಂಬ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಕೊಟ್ಟವರಿಗೆ ಪ್ರಮಾಣಪತ್ರ ಕೊಡಬೇಕಿತ್ತು. 10ಬಿಡಿ, 10ಬಿಇ ಎಂದು ಆ ನಮೂನೆಗಳ ಹೆಸರು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅಂದರೆ ನಮ್ಮ ಪ್ರೆಸ್ಸಿನ ರಸೀದಿಗೆ ಕಾನೂನಿನಲ್ಲಿ ಅದರ ಕಾಗದದ ಬೆಲೆಯೂ ಇರಲಿಲ್ಲ.

ಕಮಿಟಿ ಸಭೆಯಲ್ಲಿ ಇದನ್ನು ಕೇಳಿದೆ. ಏನು ಉತ್ತರ ಬಂತು ಗೊತ್ತೇ? "ಕನ್ನಡದ ಕೆಲಸಕ್ಕೆ ಲೆಕ್ಕ ಕೇಳ್ತೀರಾ?"

ಹೌದು ಸ್ವಾಮಿ, ಕೇಳುತ್ತೇನೆ. ಕನ್ನಡದ ಕೆಲಸ ಆದ್ದರಿಂದಲೇ ಕೇಳುತ್ತೇನೆ!

ನಮ್ಮ ಪೇಟೆಯ ಮಗ್ಗುಲಲ್ಲೇ ಮಾಮೂಲುಪೇಟೆ ಇದೆ. ಅಲ್ಲಿ ವ್ಯಾಪಾರ ಮಾಡಿದ ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲ್ವೆ ಸ್ಟೇಷನ್ ಎದುರಿನ ಧರ್ಮಛತ್ರ ತೆರೆದರು. ಅವರಿಗೆ ಯಾವ 80ಜಿ ಇತ್ತು? ಬಸವನಗುಡಿ ಕಡೆ ಹೋದರೆ ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು. ಭಕ್ತಿಯೊಂದೇ ಇದ್ದು ಕಡತ ಇಲ್ಲದಿದ್ದರೆ ಇವು ಇಷ್ಟು ಕಾಲ ನಿಲ್ಲುತ್ತಿದ್ದವೇ? ಶಾಮಿಯಾನ ಒಂದು ದಿನಕ್ಕೆ ನಿಲ್ಲುತ್ತದೆ. ಸಂಸ್ಥೆ ನೂರು ವರ್ಷ ನಿಲ್ಲಬೇಕಾದರೆ ಲೆಕ್ಕದ ಪುಸ್ತಕ ಬೇಕು.

ಕಾಗದದಲ್ಲಿ ಬರೆದ ಒಂದೊಂದು ಪದಕ್ಕೂ ಎಷ್ಟು ತೂಕವಿದೆ ನೋಡಿ. ಇದು ಸಣ್ಣ ಸಂಘಗಳ ಪಾಡು ಮಾತ್ರವಲ್ಲ, ದೊಡ್ಡವರೂ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. ರಂಗನಾಥ ದಿವಾಕರರಂಥವರು 1935ರಲ್ಲಿ ಕಟ್ಟಿದ ಲೋಕ ಶಿಕ್ಷಣ ಟ್ರಸ್ಟ್ ನಿಮಗೆ ಗೊತ್ತು. 'ಸಂಯುಕ್ತ ಕರ್ನಾಟಕ', 'ಕರ್ಮವೀರ', 'ಕಸ್ತೂರಿ' ಕೊಟ್ಟ ಸಂಸ್ಥೆ. ಜನರಿಗೆ ಶಿಕ್ಷಣ ಕೊಡುವುದು ಅದರ ಉದ್ದೇಶ, ಪ್ರೆಸ್ಸೂ ಪತ್ರಿಕೆಯೂ ಅದಕ್ಕೆ ಸಾಧನ. ಆದ್ದರಿಂದ ಟ್ರಸ್ಟಿನ ಆದಾಯ ಧರ್ಮಕಾರ್ಯದ್ದು, ತೆರಿಗೆ ಬೇಡ ಎಂದು ವಾದಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1975ರಲ್ಲಿ ತೀರ್ಪು ಬಂತು, ಟ್ರಸ್ಟ್ ಸೋತಿತು! ಕಾಯ್ದೆಯಲ್ಲಿ 'ಶಿಕ್ಷಣ' ಎಂದರೆ ಶಾಲೆಯಂತೆ ಕ್ರಮವಾಗಿ ಕಲಿಸುವುದು, ಪತ್ರಿಕೆ ಓದಿಸುವುದಲ್ಲ ಎಂದಿತು ಕೋರ್ಟು. ಉಳಿದ ಸಾರ್ವಜನಿಕ ಕೆಲಸವಾದರೆ ಅದರಲ್ಲಿ ಲಾಭದ ಚಟುವಟಿಕೆ ಇರಬಾರದು ಎಂದು 1961ರ ಕಾಯ್ದೆಯಲ್ಲೇ ಬರೆದಿತ್ತು.

ಲಾಭದ ಆ ಮಾತನ್ನು 1979ರ ಇನ್ನೊಂದು ತೀರ್ಪು ಸಡಿಲಿಸಿತು. 1983ರ ತಿದ್ದುಪಡಿ ಅದನ್ನು ಕಾಯ್ದೆಯಿಂದಲೇ ತೆಗೆಯಿತು, 2008ರಲ್ಲಿ ವ್ಯಾಪಾರದ ನಿರ್ಬಂಧ ಬೇರೆ ರೂಪದಲ್ಲಿ ಮರಳಿತು. ಶಿಕ್ಷಣದ ಕಿರಿದಾದ ಅರ್ಥವನ್ನು 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿ ಹಿಡಿಯಿತು. ಸ್ವಾತಂತ್ರ್ಯಕ್ಕೂ ಏಕೀಕರಣಕ್ಕೂ ದುಡಿದ ಪತ್ರಿಕೆಯ ಸಂಸ್ಥೆಗೇ ಹೀಗಾದರೆ, ಬೈಲಾ ಎಲ್ಲಿದೆ ಎಂದು ಗೊತ್ತಿಲ್ಲದ ನಮ್ಮ ಗಲ್ಲಿ ಸಂಘಗಳ ಗತಿ ಏನು?

ಹಾಗೆಂದು ತಪ್ಪೆಲ್ಲ ನಮ್ಮದೇ ಎನ್ನುತ್ತಿಲ್ಲ. ವಾಚನಾಲಯ ನಡೆಸುವ ನಿವೃತ್ತ ಮೇಷ್ಟ್ರು ಈ ನಮೂನೆಗಳನ್ನೆಲ್ಲ ತುಂಬಬೇಕು, ಪಾಸ್‌ವರ್ಡ್ ಹಾಕಬೇಕು, ಇಂಗ್ಲಿಷ್ ನೋಟಿಸಿಗೆ ಉತ್ತರ ಬರೆಯಬೇಕು. ಕನ್ನಡಿಗನ ತೆರಿಗೆ ಬೇಕು, ಕನ್ನಡದಲ್ಲಿ ಪತ್ರ ಬರೆಯಲು ಆಗುವುದಿಲ್ಲವೇ? ಕೇಂದ್ರದ ಕಚೇರಿಗಳಿಗೆ ಹಿಂದಿ, ಇಂಗ್ಲಿಷು ಸಾಕಾಗಿರಬಹುದು, ಕಟ್ಟುವ ನಮಗೆ ಸಾಲದು. ಸಂವಿಧಾನದ 350ನೇ ವಿಧಿ ನೆನಪಿರಲಿ: ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಯಾವುದೇ ಅಧಿಕಾರಿಗೆ ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸುವ ಹಕ್ಕು ನಮಗಿದೆ. ಬಳಸಿ. ನೋಟಿಸು ಕನ್ನಡದಲ್ಲೂ ಬರಲಿ ಎಂದು ಒತ್ತಾಯಿಸಿ. ಆದರೆ ಬೀದಿಯಲ್ಲಿ ಆ ಹಕ್ಕು ಕೇಳುವ ಸಂಘದ ಬೀರುವಿನಲ್ಲಿ ಮೂರು ವರ್ಷದ ಲೆಕ್ಕ ಇಲ್ಲದಿದ್ದರೆ ಎದುರಿಗಿದ್ದವನು ನಗುತ್ತಾನೆ.

ಇನ್ನೊಂದು ಮಾತು. ಒಂದು ಜಾತಿಗೆ, ಒಂದು ಮತಕ್ಕೆ ಮೀಸಲೆಂದು ಬರೆದುಕೊಂಡ ಸಂಸ್ಥೆಗೆ 80ಜಿ ಇಲ್ಲ. ಆ ಬೇಲಿಯಲ್ಲಿ ಭಾಷೆಯ ಹೆಸರಿಲ್ಲ! ಎಲ್ಲ ಜಾತಿ, ಎಲ್ಲ ಮತದವರಿಗೆ ಬಾಗಿಲು ತೆರೆದ ಕನ್ನಡ ಸಂಘ ಆ ಬೇಲಿಗೆ ಹೆದರಬೇಕಾಗಿಲ್ಲ. ಅರ್ಜಿ ಹಾಕಲು ಬೇಕಾದದ್ದು ನಾಲ್ಕು ಕಾಗದ ಮತ್ತು ಓದು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ.

ಆ ಹುಡುಗ, ಆ ಹುಡುಗಿ ನೀವು. ಬಿ.ಕಾಂ ಓದಿದ್ದೀರಿ, ಕಂಪ್ಯೂಟರ್ ನಿಮ್ಮ ಬೆರಳ ತುದಿಯಲ್ಲಿದೆ. ನವೆಂಬರಿನಲ್ಲಿ ಬೈಕಿಗೆ ಬಾವುಟ ಕಟ್ಟುವ ಕೈಗೆ ಮೇ ತಿಂಗಳಲ್ಲಿ ದಾನಿಗಳ ಪಟ್ಟಿ ತುಂಬುವುದು ಕಷ್ಟವಲ್ಲ. ಸಂಘಕ್ಕೆ ಹೋಗಿ, ಮಂಜೂರಾತಿ ಯಾವ ತಾರೀಕಿನವರೆಗೆ ಇದೆ ಎಂದು ಕೇಳಿ. 2021ರಲ್ಲಿ ಸಿಕ್ಕ ಐದು ವರ್ಷದ ಮಂಜೂರಾತಿಗಳು 2026ರ ಮಾರ್ಚ್ 31ಕ್ಕೆ ಮುಗಿಯುವಂಥವು. ನವೀಕರಣ ಮಾಡಿಸದ ಸಂಘದ ರಸೀದಿ ನನ್ನ ರಸೀದಿಯ ತಂಗಿ!

ಕೊಡುವಾಗ ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಡಿ. ಸಂಸ್ಥೆಯ ಹೆಸರು ಇಲಾಖೆಯ ವೆಬ್‌ಸೈಟಿನ ಪಟ್ಟಿಯಲ್ಲಿದೆಯೇ ನೋಡಿ. ಪ್ರಮಾಣಪತ್ರ ಕೈಗೆ ಬರುವವರೆಗೆ ರಿಟರ್ನಿನಲ್ಲಿ ಕಡಿತ ಹಾಕಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ಕಡಿತವೇ ಇಲ್ಲ, ಅದೂ ತಿಳಿದಿರಲಿ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಸೆಕ್ಷನ್ ನಂಬರು ಬೇರೆ, ನಗದಿನ ಮಿತಿ ಅದೇ ಎರಡು ಸಾವಿರ.

ಕಡಿತ ಸಿಗದಿದ್ದರೆ ಕೊಡುವುದನ್ನು ನಿಲ್ಲಿಸಬೇಕೇ? ಖಂಡಿತ ಬೇಡ. ನಾನು ಈಗಲೂ ಕೊಡುತ್ತೇನೆ. ಆ ನೋಟ್‌ಬುಕ್ ಹಿಡಿದ ಮಗುವಿಗೆ 80ಜಿ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಸುಳ್ಳು ಸಾಲು ನಂಬಿ ಒಮ್ಮೆ ಬೇಸ್ತುಬಿದ್ದ ದಾನಿ ಎರಡನೇ ಸಲ ಜೇಬಿಗೆ ಕೈ ಹಾಕುವ ಮುಂಚೆ ಯೋಚಿಸುತ್ತಾನೆ. ಆಗ ನಷ್ಟ ಆ ಮಗುವಿಗೆ.

ನನ್ನ ಪಾಲಿನ ತಪ್ಪನ್ನು ನಾನು ತಿದ್ದಿಕೊಂಡಿದ್ದೇನೆ. ಈಗ ನಮ್ಮ ಪ್ರೆಸ್ಸಿಗೆ ರಸೀದಿ ಪುಸ್ತಕಕ್ಕೆ ಯಾರೇ ಬಂದರೂ, ಆ ಸಾಲು ಬೇಕೆಂದರೆ ಮಂಜೂರಾತಿ ಪತ್ರದ ಜೆರಾಕ್ಸ್ ಮೇಜಿನ ಮೇಲೆ ಇಡಬೇಕು. ಕೆಲವರು ಬೈದುಕೊಂಡು ಪಕ್ಕದ ಪ್ರೆಸ್ಸಿಗೆ ಹೋದರು. ಇಬ್ಬರು ಮಾತ್ರ ಎರಡು ತಿಂಗಳು ಬಿಟ್ಟು ಪತ್ರ ಮಾಡಿಸಿಕೊಂಡೇ ಬಂದರು. ಅವರ ಪುಸ್ತಕಕ್ಕೆ ನಂಬರಿಂಗ್ ಬಿಟ್ಟಿ ಹೊಡೆದುಕೊಟ್ಟೆ. ಅದಕ್ಕೆ ಕಡಿತ ಸಿಗುವುದಿಲ್ಲ, ಗೊತ್ತು. ಬೇಡ ಬಿಡಿ!