ಅವ್ವನ ಒಡೆದ ಹಿಮ್ಮಡಿ ಯಾವ ಪ್ರಕೃತಿ?

"ನೀನು ವಾತಾನಾ, ಪಿತ್ತಾನಾ?" ಮೊದಲೆಲ್ಲ ರಾಶಿ ಯಾವುದು ಅಂತ ಕೇಳುತ್ತಿದ್ದವರು ನಮ್ಮ ಹಾಸ್ಟೆಲ್ಲಿನಲ್ಲಿ ಈಗ ಹೀಗೆ ಕೇಳುತ್ತಾರೆ. ಮೊಬೈಲಿನಲ್ಲಿ ಒಂದಿಷ್ಟು ಪ್ರಶ್ನೆಗಳು: ಚರ್ಮ ಒಣಗುತ್ತದೆಯೇ, ನಿದ್ದೆ ಹೇಗೆ, ಸಿಟ್ಟು ಬೇಗ ಬರುತ್ತದೆಯೇ. ಕೊನೆಗೊಂದು ತೀರ್ಪು: ನೀವು ವಾತ ಪ್ರಕೃತಿಯವರು, ಕಲ್ಪನಾಶೀಲರು, ಮಾತುಗಾರರು, ಚಂಚಲರು. ಅದರ ಕೆಳಗೆ ಎಣ್ಣೆಯ ಜಾಹೀರಾತು. ಸಾಹಿತ್ಯದ ಗೆಳೆಯರಿಗಂತೂ ಇದು ಭಾರೀ ಅನುಕೂಲ. ಬರೆಯಬೇಕಾದ ಅಧ್ಯಾಯ ಮುಗಿಯದಿದ್ದರೆ "ನಂದು ವಾತ ಕಣೇ" ಅಂದರಾಯಿತು.

ನನಗೂ ಇದು ತಮಾಷೆಯಾಗಿಯೇ ಇತ್ತು, ಕಳೆದ ವರ್ಷದವರೆಗೆ. ನನ್ನ ರೂಮ್‌ಮೇಟ್ ಸೊರಗುತ್ತಾ ಬಂದಳು. ರಾತ್ರಿ ನಿದ್ದೆಯಿಲ್ಲ, ಬೆರಳು ನಡುಗುತ್ತಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಪ್ರಶ್ನಾವಳಿ ತುಂಬಿದಳು. ಅಪ್ಪಟ ವಾತ ಎಂದು ಬಂತು. ಎಳ್ಳೆಣ್ಣೆ ಹಚ್ಚಿಕೊಂಡು, ಬಿಸಿನೀರು ಕುಡಿದುಕೊಂಡು ನಾಲ್ಕು ತಿಂಗಳು ಕಳೆದಳು. ಆಮೇಲೆ ಎದೆ ಢವಢವ ಅನ್ನುತ್ತಿದೆ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಅವಳ 'ಪ್ರಕೃತಿ'ಯೇ ಮಾಯವಾಯಿತು.

ಇದಕ್ಕೆ ಚರಕನನ್ನು ಬೈಯುವುದು ಸುಲಭ, ಆದರೆ ತಪ್ಪು. ಹಳಗನ್ನಡದ ವೈದ್ಯಗ್ರಂಥಗಳ ಮೇಲೆ ಸಂಶೋಧನೆ ಮಾಡುವ ನನ್ನ ಮೇಜಿನ ಮೇಲೆ ಚರಕಸಂಹಿತೆ ಸದಾ ಇರುತ್ತದೆ. ಅದರ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ರೋಗಿಯ ಹತ್ತು ಬಗೆಯ ಪರೀಕ್ಷೆ ಬರುತ್ತದೆ. ಮೊದಲನೆಯದು ಪ್ರಕೃತಿ, ಎರಡನೆಯದೇ ವಿಕೃತಿ. ಹುಟ್ಟಿನಿಂದ ಬಂದದ್ದು ಯಾವುದು, ಈಗ ಕೆಟ್ಟದ್ದು ಯಾವುದು ಎಂದು ವೈದ್ಯ ಬೇರ್ಪಡಿಸಬೇಕು, ರೋಗಿಯ ಬಲವನ್ನು ಅಳೆಯಬೇಕು. ಮೊಬೈಲು ಈ ಎರಡನೆಯ ಪ್ರಶ್ನೆಯನ್ನೇ ನುಂಗಿಬಿಟ್ಟಿದೆ. ಇನ್ನೂ ಮಜಾ ಅಂದರೆ 6ನೆಯ ಅಧ್ಯಾಯದಲ್ಲಿ ಆತ್ರೇಯ, ವಾತ ಪ್ರಕೃತಿ ಪಿತ್ತ ಪ್ರಕೃತಿ ಎಂಬುವೇ ಇಲ್ಲ ಎಂದು ವಾದಿಸುತ್ತಾನೆ. ಮೂರೂ ಸಮವಾಗಿದ್ದರೆ ಅದು ಪ್ರಕೃತಿ. ಒಂದು ಹೆಚ್ಚಿದ್ದವನು ವಾತಲ, ಪಿತ್ತಲ, ರೋಗದ ಕಡೆಗೆ ವಾಲಿದವನು. ನಾವು ಪ್ರೊಫೈಲಿನಲ್ಲಿ ಹಾಕಿಕೊಂಡು ಮೆರೆಯುತ್ತಿರುವುದು ಇದನ್ನೇ.

ಇಲ್ಲೊಂದು ಆಕ್ಷೇಪ ಬರುತ್ತದೆ: ವಿಜ್ಞಾನಿಗಳೂ ಪ್ರಕೃತಿಯನ್ನು ಅಧ್ಯಯನ ಮಾಡಿದ್ದಾರಲ್ಲ? ಮಾಡಿದ್ದಾರೆ. ದೆಹಲಿಯ ಐಜಿಐಬಿ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಬೇರೆ ಪ್ರಕೃತಿಯವರ ಜೀನುಗಳ ಚಟುವಟಿಕೆಯನ್ನು ಹೋಲಿಸಿತು. ಆದರೆ ಅವರು ಆರಿಸಿಕೊಂಡದ್ದು ಆರೋಗ್ಯವಂತರನ್ನು. ಆ ಎಚ್ಚರ ಜಾಹೀರಾತಿಗೆ ಎಲ್ಲಿಂದ ಬರಬೇಕು?

ಹಾಗಂತ ಹಳೆಯ ಗ್ರಂಥಗಳಿಗೆ ಕೈಮುಗಿದು ಕೂರಲೂ ನಾನು ತಯಾರಿಲ್ಲ. ಸುಶ್ರುತನಲ್ಲಿ ಕಫದವರಿಗೆ ಬ್ರಹ್ಮ, ಇಂದ್ರ, ಸಿಂಹ, ಆನೆ, ಹಂಸಗಳ ಹೋಲಿಕೆ. ವಾತದವರಿಗೆ ಆಡು, ನರಿ, ಇಲಿ, ನಾಯಿ, ಕಾಗೆ, ಕತ್ತೆ. (ಇದನ್ನು ಯಾವ ಆ್ಯಪ್ ಕೂಡ ಹೇಳುವುದಿಲ್ಲ, ಎಣ್ಣೆ ಮಾರಾಟವಾಗಬೇಕಲ್ಲ.) ವಾಗ್ಭಟ ವಾತವನ್ನು ಹೀನ, ಪಿತ್ತವನ್ನು ಮಧ್ಯಮ, ಕಫವನ್ನು ಉತ್ತಮ ಎಂದೇ ಸಾಲು ಹಚ್ಚುತ್ತಾನೆ. ಚರಕನಲ್ಲಿ ಕಫದವರು ಬಲವಂತರು, ವಿದ್ಯಾವಂತರು, ದೀರ್ಘಾಯುಷಿಗಳು, ಜೊತೆಗೆ ಹಣವಂತರು. ವಾತದವರಿಗೆ ಬಲ ಕಡಿಮೆ, ಆಯುಷ್ಯ ಕಡಿಮೆ, ಹಣವೂ ಕಡಿಮೆ.

ಹಣ! ಅದು ಮೈಯ ಗುಣ ಯಾವಾಗ ಆಯಿತು?

ಅದೇ ಪುಟದ ವಾತಲನ ಲಕ್ಷಣಗಳನ್ನು ಓದುತ್ತಾ ಹೋದರೆ ನನಗೆ ಕಾಣುವುದು ನಮ್ಮ ಅವ್ವ. ಒಣಗಿದ ಸಣ್ಣ ಮೈ, ಒರಟು ಕೂದಲು, ಒರಟು ಕೈಕಾಲು, ಒಡೆದ ಚರ್ಮ, ಕೂತು ಏಳುವಾಗ ಲಟಕ್ ಅನ್ನುವ ಕೀಲು, ಅರೆಬರೆ ನಿದ್ದೆ. ಮೂವತ್ತು ವರ್ಷ ಚಳ್ಳಕೆರೆ ಕಡೆಯ ಶೇಂಗಾ ಹೊಲಗಳಲ್ಲಿ ಕೂಲಿ ಮಾಡಿದವಳ ಮೈ ಇನ್ನು ಹೇಗಿರಬೇಕಿತ್ತು? ವಾತವಾದ್ದರಿಂದ ಹಣ ಕಡಿಮೆ ಎನ್ನುತ್ತದೆ ಗ್ರಂಥ. ಹಣವಿಲ್ಲದ್ದರಿಂದ ಈ ಮೈ ಎಂದು ತಿರುಗಿಸಿ ಓದಿದರೆ ಎಲ್ಲವೂ ಸರಿಹೋಗುತ್ತದೆ. ಹಾಗೆ ಓದುವ ಬಾಗಿಲು ಚರಕನಲ್ಲೇ ಇದೆ: ಪ್ರಕೃತಿಯನ್ನು ರೂಪಿಸುವ ಕಾರಣಗಳಲ್ಲಿ ಬಸುರಿ ತಾಯಿಯ ಆಹಾರ, ನಡೆವಳಿಕೆಯನ್ನೂ ಅವನು ಎಣಿಸುತ್ತಾನೆ. ನಮ್ಮಜ್ಜಿ ಬಸುರಿಯಾಗಿದ್ದಾಗ ಏನು ಉಂಡಿದ್ದಳು ಎಂದು ಕೇಳುವ ಪ್ರಶ್ನಾವಳಿ ಇದ್ದರೆ ತೋರಿಸಿ.

ಮೊನ್ನೆ ಫೋನಿನಲ್ಲಿ ಅವ್ವನಿಗೇ ಆ ಪ್ರಶ್ನೆಗಳನ್ನು ಓದಿ ಹೇಳಿದೆ. ಮೂರು ನಾಲ್ಕಕ್ಕೆ ನಗುತ್ತಾ ಉತ್ತರ ಕೊಟ್ಟಳು. "ನಿದ್ದೆ ಹೆಂಗೆ ಬರುತ್ತವ್ವಾ?" ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಯಾವಾಗಿಂದು ಕೇಳ್ತಿ? ಶೇಂಗಾ ಕೀಳೋ ತಿಂಗಳದ್ದಾ, ಕೆಲಸ ಇಲ್ದಿರೋ ತಿಂಗಳದ್ದಾ?"