ನಿಲ್ಲಿಸಿದ ಕಾರು, ಬಂದ ಸಮನ್ಸು

ಬಸವಕಲ್ಯಾಣದ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಲಿ. ಗೃಹಿಣಿಯ ತಂದೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾರೆಂಬ ಸುದ್ದಿ ಬರುತ್ತದೆ. ಮಹಾನಗರದ ನೂಕುನುಗ್ಗಲಿನಲ್ಲಿ ಕಾರು ನಡೆಸುವ ಧೈರ್ಯ ಯಜಮಾನರಿಗಿಲ್ಲ. ಹುಮನಾಬಾದಿನವರೆಗೆ ಕಾರಿನಲ್ಲಿ ಹೋಗಿ, ಹೆದ್ದಾರಿಯ ಬದಿಯ ಖಾಸಗಿ ಬಯಲೊಂದರಲ್ಲಿ ಅದನ್ನು ನಿಲ್ಲಿಸಿ, 50 ರೂಪಾಯಿ ಕೊಟ್ಟು ಚೀಟಿ ಪಡೆದು, ದಂಪತಿಗಳು ಬಸ್ಸು ಹತ್ತುತ್ತಾರೆ. ಮರುದಿನವೇ ಹಿಂದಿರುಗುವ ಯೋಚನೆ. ಆದರೆ ಆಸ್ಪತ್ರೆಯ ಯೋಚನೆಯೇ ಬೇರೆ. ಮರಳಿ ಬರುವಷ್ಟರಲ್ಲಿ ಐದು ದಿನ ಕಳೆದಿರುತ್ತದೆ.

ಬಯಲಿನ ಬಾಗಿಲಲ್ಲಿ ಕುಳಿತ ಹುಡುಗ ಚೀಟಿಯನ್ನು ಮಗುಚಿ ತೋರಿಸುತ್ತಾನೆ. 24 ಗಂಟೆ ಮೀರಿದರೆ ದಿನವೊಂದಕ್ಕೆ 1,000 ರೂಪಾಯಿ ದಂಡವೆಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿದೆ. ಯಜಮಾನರು ಉಳಿದ ನಾಲ್ಕು ದಿನಗಳ ಬಾಡಿಗೆ 200 ರೂಪಾಯಿಯನ್ನು ಮುಂದೆ ಚಾಚುತ್ತಾರೆ, ಅವನು ಮುಟ್ಟುವುದಿಲ್ಲ. ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಕಾರಿನ ಸಂಖ್ಯೆಯನ್ನು ಬರೆದುಕೊಂಡು ಬಾಗಿಲು ತೆರೆಯುತ್ತಾನೆ. ಬಳಿಕ ಒಂದು ವಕೀಲರ ನೋಟೀಸು ಬರುತ್ತದೆ. ಕಪಾಟಿನ ತಳ ಸೇರುತ್ತದೆ. ಎರಡು ವರ್ಷ ಕಳೆದು ಒಂದು ಮಧ್ಯಾಹ್ನ ನ್ಯಾಯಾಲಯದ ಅಮೀನನು ಬಾಗಿಲು ತಟ್ಟುತ್ತಾನೆ.

“ಸಾಹೇಬರು ಮನಿಯಾಗ ಇಲ್ಲೇನ್ರೀ, ಅಕ್ಕಾರ?”

ಗೃಹಿಣಿ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಒಳಗಿನಿಂದ ಮೈದುನನ ಕೂಗು: “ವೈನೀ, ಸಹಿ ಮಾಡಬ್ಯಾಡ್ರಿ! ಕಾಗದ ತಗೊಳ್ಳದಿದ್ರ ಕೋರ್ಟು ಏನೂ ಮಾಡಂಗಿಲ್ಲ.”

ಮೈದುನನ ಈ ಕಾನೂನು ಅನೇಕ ಮನೆಗಳಲ್ಲಿ ಚಾಲ್ತಿಯಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮಾತ್ರ ಇಲ್ಲ. ಪ್ರತಿವಾದಿಯು ಮನೆಯಲ್ಲಿಲ್ಲದಿದ್ದರೆ, ಬೇಗನೆ ಬರುವ ಸಂಭವವೂ ಇಲ್ಲದಿದ್ದರೆ, ಅವನೊಡನೆ ವಾಸಿಸುವ ವಯಸ್ಕರಾದ ಕುಟುಂಬಸ್ಥರಿಗೆ ಸಮನ್ಸನ್ನು ಕೊಡಬಹುದು. ಮೊದಲು ಈ ಅಧಿಕಾರ ಗಂಡಸರಿಗೆ ಮಾತ್ರವಿತ್ತು. 1976ರ ತಿದ್ದುಪಡಿಯು ಹೆಂಗಸರನ್ನೂ ಸೇರಿಸಿತು. ಮನೆಯ ಆಳಿಗೆ ಕೊಟ್ಟರೆ ಸಲ್ಲದು. ತೆಗೆದುಕೊಳ್ಳಲು ನಿರಾಕರಿಸಿದರೆ ಅಮೀನನು ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಸಾಕ್ಷಿಗಳ ಹೆಸರು ಬರೆದುಕೊಂಡು ವರದಿ ಒಪ್ಪಿಸುತ್ತಾನೆ. ನ್ಯಾಯಾಲಯವು ಅದನ್ನು ಯುಕ್ತವಾದ ಜಾರಿಯೆಂದು ಪರಿಗಣಿಸಬಲ್ಲುದು. ಆಗ ನಷ್ಟವಾಗುವುದು ನಿರಾಕರಿಸಿದವರಿಗೇ: ವಾದಿ ಏನು ಹೇಳಿದ್ದಾನೆಂಬುದು ಗೊತ್ತಿಲ್ಲ, ದಿನಗಳು ಮಾತ್ರ ಉರುಳುತ್ತಿವೆ. ಸಮನ್ಸಿಗೆ ಸಹಿ ಮಾಡಿದರೆ ಸಾಲವನ್ನು ಒಪ್ಪಿಕೊಂಡಂತೆ ಆಗುವುದೆಂಬ ಭಯವೂ ನಿರಾಧಾರವಾದದ್ದು. ಆ ಸಹಿ ‘ಕಾಗದ ಮುಟ್ಟಿತು’ ಎಂದಷ್ಟೇ ಹೇಳುತ್ತದೆ.

ಆದಕಾರಣ ಗೃಹಿಣಿಯು ಸಹಿ ಮಾಡಿ, ತಾರೀಖನ್ನು ಪಂಚಾಂಗದಲ್ಲಿ ಗುರುತು ಹಾಕಿಡುವುದೇ ಜಾಣತನ. ಸಮನ್ಸಿನೊಡನೆ ವಾದಪತ್ರದ ಪ್ರತಿ ಇರಲೇಬೇಕು. ಇಲ್ಲದಿದ್ದರೆ ಕೇಳಿ ಪಡೆಯತಕ್ಕದ್ದು. ಈಗಿನ ದಿನಗಳಲ್ಲಿ ಮೊಬೈಲಿಗೆ ‘ಕೋರ್ಟಿನ ನೋಟೀಸು’ ಎಂದು ಬರುವ ಸಂದೇಶಗಳಲ್ಲಿ ವಂಚಕರವೂ ಉಂಟು. ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿರುತ್ತದೆ, ಇ-ಕೋರ್ಟ್ಸ್ ಜಾಲತಾಣದಲ್ಲಾಗಲಿ ನ್ಯಾಯಾಲಯದ ಕಚೇರಿಯಲ್ಲಾಗಲಿ ಅದನ್ನು ತಾಳೆ ನೋಡಬಹುದು. ತಾಳೆಯಾಗುವ ಮುನ್ನ ಯಾರಿಗೂ ಹಣ ಕಳುಹಿಸತಕ್ಕದ್ದಲ್ಲ. ಪೋಲೀಸರ ದಂಡದ ಚೀಟಿಯೂ ಇದೂ ಒಂದೇ ಅಲ್ಲ. ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿದ್ದಕ್ಕೆ 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಬರುವುದು ಸರ್ಕಾರದ ದಂಡ. ಖಾಸಗಿ ಬಯಲಿನ ಒಡೆಯನಿಗೆ ದಂಡ ವಿಧಿಸುವ ಅಧಿಕಾರವೇ ಇಲ್ಲ. ಚೀಟಿಯ ಮೇಲೆ ಯಾವ ಶಬ್ದವನ್ನು ಅಚ್ಚು ಹಾಕಿಸಿದ್ದರೂ ಅವನು ಕೇಳಬಹುದಾದದ್ದು ಕರಾರಿನ ಹಣ, ಇಲ್ಲವೆ ಕರಾರುಭಂಗಕ್ಕೆ ಪರಿಹಾರ.

ಸಮನ್ಸು ಮುಟ್ಟಿದ ದಿನದಿಂದ 30 ದಿನಗಳೊಳಗೆ ಪ್ರತಿವಾದಪತ್ರವನ್ನು ಸಲ್ಲಿಸಬೇಕು. ಕಾರಣ ತೋರಿಸಿದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು. ಸಾಮಾನ್ಯ ದಾವೆಗಳಲ್ಲಿ ಈ ಗಡುವು ಕಲ್ಲಿನ ಗೆರೆಯಲ್ಲವೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದ್ದರೂ, ಅದು ಅಸಾಧಾರಣ ಸಂದರ್ಭಗಳಿಗೆ ಇಟ್ಟ ಮಾತು. ಉತ್ತರ ಕೊಡದೆ, ಹಾಜರೂ ಆಗದೆ ಕುಳಿತವರ ಮೇಲೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ರದ್ದುಪಡಿಸಲು ಕೇಳಬಹುದು, ಆದರೆ ಡಿಕ್ರಿಯ ತಾರೀಖಿನಿಂದ 30 ದಿನಗಳೊಳಗೆ. ಸಮನ್ಸೇ ಸರಿಯಾಗಿ ಮುಟ್ಟಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ಬಾಗಿಲಿಗೆ ಕಾಗದ ಅಂಟಿಸಿಸಿಕೊಂಡವರು ‘ಮುಟ್ಟಲಿಲ್ಲ’ ಎಂದು ಹೇಳುವುದು ಸುಲಭವಲ್ಲ. ಮುಂದಿನದು ಅಮಲ್ಜಾರಿ: ಸಂಬಳದ ಜಪ್ತಿ. ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ, ಮಿಕ್ಕದ್ದು ಹೋಗಬಹುದು. ಕಚೇರಿಯ ಗುಮಾಸ್ತರೆಲ್ಲರಿಗೂ ವಿಷಯ ತಿಳಿಯುವುದು ಬೇರೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. 2,000 ರೂಪಾಯಿ ಮೀರದ ಡಿಕ್ರಿಗೆ ಗಂಡಸರನ್ನೂ ಸಿವಿಲ್ ಸೆರೆಯಲ್ಲಿ ಇಡುವಂತಿಲ್ಲ.

ಹಾಗಾದರೆ ಉತ್ತರವನ್ನು ಹೇಗೆ ಬರೆಯಬೇಕು? ಈ ಪ್ರಶ್ನೆಯನ್ನು ಬಸವಕಲ್ಯಾಣದಲ್ಲಿ ಕೇಳುವುದಕ್ಕೆ ಒಂದು ವಿಶೇಷ ಔಚಿತ್ಯವಿದೆ. ಆರನೆಯ ವಿಕ್ರಮಾದಿತ್ಯನು (1076–1126) ಆಳಿದ ಕಲ್ಯಾಣವೇ ಇದು; ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದು, ಅದರ ಕೊನೆಯಲ್ಲಿ ಕೊಂಡಾಡಿದ ನಗರವೂ ಇದೇ. ಮಿತಾಕ್ಷರೆಯೆಂದರೆ ಆಸ್ತಿ ಪಾಲಿನ ಗ್ರಂಥವೆಂದೇ ಬಹುಮಂದಿ ತಿಳಿದಿದ್ದಾರೆ. ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದದ್ದು ದಾಯಭಾಗದ ಪ್ರಕರಣವಾದದ್ದರಿಂದ ಈ ಕೀರ್ತಿ ಅಂಟಿಕೊಂಡಿತು. ಆದರೆ ಅದರ ವ್ಯವಹಾರಾಧ್ಯಾಯವು ದಾವೆಯ ನಡವಳಿಕೆಯನ್ನೆಲ್ಲ ಬಿಡಿಸಿಡುತ್ತದೆ. ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಮಾತು, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ಉತ್ತರದಲ್ಲಿಯೂ ನಾಲ್ಕು ಬಗೆ. ವಾದಿ ಹೇಳಿದ್ದು ಸುಳ್ಳೆನ್ನುವುದು ಮಿಥ್ಯೋತ್ತರ. ನಿಜವೆಂದು ಒಪ್ಪುವುದು ಸಂಪ್ರತಿಪತ್ತಿ. ‘ನಿಜ, ಆದರೆ ಇಂಥ ಕಾರಣದಿಂದ ನಾನು ಕೊಡಬೇಕಾಗಿಲ್ಲ’ ಎನ್ನುವುದು ಪ್ರತ್ಯವಸ್ಕಂದನ. ಇದೇ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆಯೆನ್ನುವುದು ಪ್ರಾಙ್ನ್ಯಾಯ. ಸಂದಿಗ್ಧವಾದ, ತನ್ನನ್ನೇ ತಾನು ಖಂಡಿಸುವ, ಕೇಳಿದ್ದಕ್ಕೆ ಸಂಬಂಧಿಸದ ಉತ್ತರವು ಉತ್ತರವೇ ಅಲ್ಲ, ಅದು ಉತ್ತರಾಭಾಸ. 1908ರ ಸಂಹಿತೆಯ ಎಂಟನೆಯ ಆದೇಶವನ್ನು ಇದರ ಪಕ್ಕದಲ್ಲಿಟ್ಟು ಓದಿದವರಿಗೆ ಎರಡೂ ಒಂದೇ ಮನೆಯವೆಂದು ತೋರಿದರೆ ಆಶ್ಚರ್ಯವಿಲ್ಲ. ಆ ಸಂಹಿತೆ ಈ ಸೀಮೆಗೆ ಬಂದದ್ದಾದರೂ ತಡವಾಗಿ: ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1951ರ ಏಪ್ರಿಲ್ 1ರಿಂದ ಅದು ಇಲ್ಲಿಗೆ ಅನ್ವಯವಾಯಿತು. ಅದಕ್ಕೆ ಮೊದಲು ಸಂಸ್ಥಾನದ ಕಚೇರಿಗಳ ನುಡಿ ಉರ್ದು. ಪ್ರತಿವಾದಪತ್ರಕ್ಕೆ ಆ ಭಾಷೆಯಲ್ಲಿ ‘ಜವಾಬ್ ದಾವಾ’ ಎಂಬ ಚಿಕ್ಕದಾದ, ಚೊಕ್ಕವಾದ ಹೆಸರಿದೆ.

ನಾಲ್ಕು ಬಗೆಯ ಉತ್ತರವನ್ನು ಹುಮನಾಬಾದಿನ ಬಯಲಿಗೆ ತಂದು ನೋಡಬಹುದು.

ಮೊದಲು ಮಿಥ್ಯೆ. ವಾದಪತ್ರದ ಒಂದೊಂದು ಕಂಡಿಕೆಗೂ ಬೇರೆ ಬೇರೆಯಾಗಿ ಉತ್ತರಿಸಬೇಕು. ‘ವಾದಿ ಹೇಳಿದ್ದೆಲ್ಲ ಸುಳ್ಳು’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದು ಕೆಟ್ಟ ಅಭ್ಯಾಸ. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿದಂತೆಯೇ ಭಾವಿಸಲಾಗುತ್ತದೆ. ಬಾಗಿಲಲ್ಲಿ ದೊಡ್ಡ ಫಲಕವಿತ್ತೆಂದು ವಾದಿ ಹೇಳಿದ್ದು, ಅದು ಇರಲಿಲ್ಲವಾದರೆ, ‘ಫಲಕವಿರಲಿಲ್ಲ’ ಎಂದೇ ಬರೆಯಬೇಕು. ಕಾರು ಯಾರ ಹೆಸರಿನಲ್ಲಿದೆ ಎಂಬುದನ್ನೂ ಇಲ್ಲಿ ನೋಡಬೇಕು. ಗೃಹಿಣಿಯ ಹೆಸರಿನಲ್ಲಿ ನೋಂದಣಿಯಾಗಿದ್ದು, ಚೀಟಿ ಪಡೆದವರು ಯಜಮಾನರಾಗಿದ್ದರೆ, ಕರಾರು ಚೀಟಿ ಪಡೆದವರೊಡನೆ. ಇಂಗ್ಲೆಂಡಿನಲ್ಲಿ 2012ರ ಕಾಯಿದೆಯೊಂದು ಖಾಸಗಿ ನಿಲುಗಡೆಯ ಹಣಕ್ಕೆ, ಕೆಲವು ಷರತ್ತುಗಳಿಗೆ ಒಳಪಟ್ಟು, ನೋಂದಾಯಿತ ಒಡೆಯನನ್ನೂ ಹಿಡಿಯಲು ಅವಕಾಶ ಕೊಟ್ಟಿತು; ಅದನ್ನು ಇಲ್ಲಿಯ ಕಾನೂನೆಂದು ತಿಳಿಯಬಾರದು.

ಇನ್ನು ಸಂಪ್ರತಿಪತ್ತಿ. ಕಾರು ನಿಲ್ಲಿಸಿದ್ದು ನಿಜ. ಐದು ದಿನ ಇದ್ದದ್ದೂ ನಿಜ. ಅದನ್ನು ಮರೆಮಾಚುವುದು ಅಪ್ರಾಮಾಣಿಕತೆಯಷ್ಟೇ ಅಲ್ಲ, ದಡ್ಡತನವೂ ಹೌದು. ಬಸ್ಸಿನ ಟಿಕೆಟ್ಟು, ಆಸ್ಪತ್ರೆಯ ಬಿಲ್ಲು ಎಲ್ಲವೂ ಅದನ್ನೇ ಹೇಳುತ್ತವೆ. ದಿನಕ್ಕೆ 50ರಂತೆ ನಾಲ್ಕು ದಿನದ 200 ರೂಪಾಯಿ ಬಾಕಿಯಿದೆಯೆಂದು ಒಪ್ಪಿ, ಆ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಸಂಹಿತೆಯ 24ನೆಯ ಆದೇಶವು ಇದಕ್ಕೆ ಅವಕಾಶ ಕೊಡುತ್ತದೆ. ವಾದಿಗೆ ಅದರ ತಿಳಿವಳಿಕೆ ಮುಟ್ಟಿದ ಮೇಲೆ ಆ ಮೊತ್ತಕ್ಕೆ ಬಡ್ಡಿ ಓಡದು. ಹುಡುಗ ಅಂದು ಮುಟ್ಟದ 200 ರೂಪಾಯಿ ಹೀಗೆ ನ್ಯಾಯಾಧೀಶರ ಮುಂದೆ ಕಾಣಿಸಿಕೊಂಡರೆ ಪ್ರತಿವಾದಿಯ ಮಾತಿಗೆ ತೂಕ ಬರುತ್ತದೆ.

ಪ್ರತ್ಯವಸ್ಕಂದನವೇ ಈ ದಾವೆಯ ಜೀವಾಳ. ಹಣ ಕೊಟ್ಟ ಮೇಲೆ ಕೈಗೆ ಬಂದ ಚೀಟಿಯ ಬೆನ್ನಿನ ಷರತ್ತು ಕರಾರಿನಲ್ಲಿ ಸೇರುವುದೆ? ಲಂಡನ್ನಿನಲ್ಲಿ 1964ರಲ್ಲಿ ಒಬ್ಬ ತುತ್ತೂರಿ ವಾದಕನು ಕಾರು ನಿಲ್ಲಿಸಲು ಹೋಗಿ, ಯಂತ್ರ ಕೊಟ್ಟ ಚೀಟಿಯನ್ನು ಪಡೆದು, ಹಿಂದಿರುಗಿದಾಗ ಅಲ್ಲಿಯೇ ಅಪಘಾತಕ್ಕೆ ಒಳಗಾದನು. ಚೀಟಿಯ ಷರತ್ತುಗಳು ತಮ್ಮನ್ನು ಕಾಪಾಡುತ್ತವೆಂದು ನಿಲುಗಡೆಯವರು ವಾದಿಸಿದರು. ಚೀಟಿ ಬರುವಷ್ಟರಲ್ಲಿ ಕರಾರು ಮುಗಿದಿತ್ತು, ಆ ಷರತ್ತನ್ನು ಮೊದಲೇ ಗಮನಕ್ಕೆ ತಂದಿರಲಿಲ್ಲ ಎಂದು ಮೇಲ್ಮನವಿ ನ್ಯಾಯಾಲಯವು 1970ರ ಡಿಸೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. ಭಾರತದ ವಕೀಲರೂ ಈ ತೀರ್ಪನ್ನು ಆಧಾರವಾಗಿ ತೋರಿಸಬಲ್ಲರು.

ಷರತ್ತು ಸೇರಿತೆಂದೇ ಇಟ್ಟುಕೊಂಡರೂ 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣವು ಅಡ್ಡ ನಿಲ್ಲುತ್ತದೆ. ಕರಾರುಭಂಗಕ್ಕೆ ಇಂತಿಷ್ಟೆಂದು ಮೊದಲೇ ಬರೆದಿದ್ದರೂ ದೊರೆಯುವುದು ಆ ಮೊತ್ತವನ್ನು ಮೀರದ, ಯುಕ್ತವಾದ ಪರಿಹಾರ ಮಾತ್ರ. 50 ರೂಪಾಯಿಯ ಜಾಗಕ್ಕೆ 1,000 ರೂಪಾಯಿ ಕೇಳುವವನು ತನಗೆ ಏನು ನಷ್ಟವಾಯಿತೆಂದು ವಿವರಿಸಬೇಕಾದೀತು. ನಷ್ಟಕ್ಕೆ ಹೋಲಿಸಿದರೆ ತೀರ ಹೆಚ್ಚಾದ ದಂಡವನ್ನು ಗ್ರಾಹಕನ ಮೇಲೆ ಹೊರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಅನ್ಯಾಯದ ಕರಾರುಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೂ ಎಲ್ಲ ಶುಲ್ಕವೂ ಅನ್ಯಾಯವೆಂದು ವಾಚಕರು ತಿಳಿಯಬಾರದು. ಎರಡು ಗಂಟೆ ಉಚಿತವಾಗಿದ್ದ ಅಂಗಡಿಗಳ ಆವರಣದಲ್ಲಿ ಸುಮಾರು ಒಂದು ಗಂಟೆ ಹೆಚ್ಚು ನಿಂತವನಿಂದ 85 ಪೌಂಡು ಕೇಳಿದ್ದನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರ ನವೆಂಬರಿನಲ್ಲಿ ಎತ್ತಿಹಿಡಿಯಿತು; ಫಲಕಗಳು ದೊಡ್ಡವಾಗಿದ್ದವು, ಸ್ಪಷ್ಟವಾಗಿದ್ದವು, ಜಾಗ ಬೇಗನೆ ತೆರವಾಗಬೇಕೆಂಬ ಉದ್ದೇಶವೂ ನ್ಯಾಯವಾಗಿತ್ತು. ಕಣ್ಣಿಗೆ ಹೊಡೆಯುವ ಫಲಕವನ್ನು ಓದಿಯೂ ನಿಲ್ಲಿಸಿದವರು ಕೊಟ್ಟು ಮುಗಿಸುವುದೇ ಲೇಸು.

ವಾದಿಯು ಬಾಕಿಯಾದಂದಿನಿಂದ ಮೂರು ವರ್ಷದೊಳಗೆ ಬರಬೇಕೆಂಬುದು ಇನ್ನೊಂದು ಕಾರಣೋತ್ತರ. ಎರಡೇ ವರ್ಷವಾಗಿರುವುದರಿಂದ ಈ ಸಂಸಾರಕ್ಕೆ ಅದು ದೊರೆಯದು. ಪ್ರಾಙ್ನ್ಯಾಯಕ್ಕೂ ಇಲ್ಲಿ ಎಡೆಯಿಲ್ಲ.

ದಾವೆ ಎಲ್ಲಿ ಎಂಬುದು ಸಣ್ಣ ಮಾತಲ್ಲ. ಕಾರು ನಿಂತದ್ದು ಹುಮನಾಬಾದಿನಲ್ಲಿ, ಪ್ರತಿವಾದಿ ಇರುವುದು ಬಸವಕಲ್ಯಾಣದಲ್ಲಿ. ಎರಡೂ ಕಡೆ ಸಿವಿಲ್ ನ್ಯಾಯಾಲಯಗಳುಂಟು, ಎರಡರಲ್ಲಿ ಎಲ್ಲಿಯಾದರೂ ದಾವೆ ಹೂಡಬಹುದು. ಬಯಲನ್ನು ಗುತ್ತಿಗೆ ಹಿಡಿದವರು ಹೈದರಾಬಾದಿನವರಾಗಿದ್ದು, ‘ಹೈದರಾಬಾದಿನ ನ್ಯಾಯಾಲಯಕ್ಕೆ ಮಾತ್ರ’ ಎಂದು ಚೀಟಿಯಲ್ಲಿ ಅಚ್ಚಾಗಿದ್ದರೆ? ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಪಕ್ಷಗಾರರ ಒಪ್ಪಂದದಿಂದ ಅಧಿಕಾರ ಹುಟ್ಟದೆಂದು ಸುಪ್ರೀಂ ಕೋರ್ಟು 1971ರಲ್ಲಿಯೇ ಹೇಳಿದೆ. ಆದರೆ ಈ ಆಕ್ಷೇಪಣೆಯನ್ನು ಮೊದಲ ಅವಕಾಶದಲ್ಲಿಯೇ ಎತ್ತಬೇಕು. ವಿವಾದಾಂಶಗಳು ರಚಿತವಾದ ಮೇಲೆ ನೆನಪಾದರೆ ಕಾಲ ಮಿಂಚಿರುತ್ತದೆ.

ಕಾರಿಗೆ ಗೀರು ಬಿದ್ದಿದ್ದರೆ ಅದೇ ಪತ್ರದಲ್ಲಿ ಪ್ರತಿದಾವೆಯನ್ನೂ ಹೂಡಬಹುದು, ಅದಕ್ಕೆ ಶುಲ್ಕ ಬೇರೆ. ಬೀಗದ ಕೈಯನ್ನು ಒಪ್ಪಿಸಿದ್ದರಂತೂ ಬಯಲಿನವನ ಹೊಣೆ ಹೆಚ್ಚು. ದೆಹಲಿಯ ಹೋಟೆಲೊಂದರಲ್ಲಿ 1998ರಲ್ಲಿ ಬೀಗದ ಕೈ ಕೊಟ್ಟು ಒಪ್ಪಿಸಿದ್ದ ಕಾರು ಕಳವಾಯಿತು. ‘ಮಾಲೀಕರ ಹೊಣೆ’ ಎಂಬ ಚೀಟಿಯ ಒಕ್ಕಣೆಯು ಹೋಟೆಲಿನ ಸ್ವಂತ ಅಲಕ್ಷ್ಯವನ್ನು ಮುಚ್ಚಲಾರದೆಂದು ಸುಪ್ರೀಂ ಕೋರ್ಟು 2019ರ ನವೆಂಬರ್ 14ರಂದು ತೀರ್ಪಿತ್ತಿತು.

ವಕೀಲರ ಶುಲ್ಕವು ದಾವೆಯ ಮೊತ್ತವನ್ನೇ ನುಂಗುವುದೆಂಬ ಅಳುಕು ಸಹಜ. ಪ್ರತಿವಾದಿಯು ತಾನೇ ಹಾಜರಾಗಿ, ಸಹಿ, ಸತ್ಯಾಪನೆ, ಪ್ರಮಾಣಪತ್ರಗಳೊಡನೆ ಉತ್ತರ ಸಲ್ಲಿಸಬಹುದು. ಗೃಹಿಣಿಯೇ ಪ್ರತಿವಾದಿಯಾಗಿದ್ದರೆ, ಆದಾಯವೆಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಹೆಂಗಸರು ಉಚಿತ ನೆರವಿಗೆ ಅರ್ಹರು; ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡತಕ್ಕದ್ದು. ಇಂಥ ಸಣ್ಣ ಮೊತ್ತದ ವ್ಯಾಜ್ಯ ಲೋಕ ಅದಾಲತ್ತಿನಲ್ಲಿ ಮುಗಿಯುವುದೇ ಮೇಲು. ಅಲ್ಲಿ ರಾಜಿಯಾದರೆ ವಾದಿ ಕಟ್ಟಿದ ನ್ಯಾಯಾಲಯ ಶುಲ್ಕ ಅವನಿಗೆ ಮರಳುತ್ತದೆ, ಆದ್ದರಿಂದ ಅವನೂ ಸ್ವಲ್ಪ ಬಗ್ಗುತ್ತಾನೆ. ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಸಹಿ ಮಾಡುವ ಮುನ್ನ ಮೊತ್ತವನ್ನು ಎರಡು ಸಲ ಓದಬೇಕು.

ಅದಕ್ಕೆಲ್ಲ ಮೊದಲು ಹುಡುಕಬೇಕಾದದ್ದು ಆ ಚೀಟಿಯನ್ನು. ಕಾರಿನ ಗೂಡಿನಲ್ಲಿ ಇಲ್ಲದಿದ್ದರೆ ಗೃಹಿಣಿಯ ಕೈಚೀಲದಲ್ಲಿ, ತಂದೆಯ ಔಷಧದ ಬಿಲ್ಲುಗಳ ನಡುವೆ ಇದ್ದೀತು. ಕಪಾಟಿನ ತಳದ ವಕೀಲರ ನೋಟೀಸೂ ಅದರ ಜೊತೆಗೆ ಬೇಕು. ಮೂಲಗಳನ್ನು ಮನೆಯಲ್ಲಿಟ್ಟುಕೊಂಡು ಪ್ರತಿಗಳನ್ನು ಉತ್ತರಕ್ಕೆ ಲಗತ್ತಿಸಬೇಕು, ಸಲ್ಲಿಸಿದ ದಿನ ಕಚೇರಿಯ ಮೊಹರು ಬಿದ್ದ ಒಂದು ಪ್ರತಿಯನ್ನು ಪಡೆದೇ ಮನೆಗೆ ಬರಬೇಕು.